ಕರೆಂಟ್ ಬಿಲ್‌ನಿಂದ ಆಧಾರ್‌ವರೆಗೆ: ಹಳೆಯ ಡೇಟಾಬೇಸ್ ಬಿಟ್ಟು ಓಪನ್ ಸೋರ್ಸ್ ಬಿಗ್ ಡೇಟಾಗೆ ಹೋಗುವುದು ಯಾಕೆ? ಕೇರಳದ ಅನುಭವ ಏನು ಹೇಳುತ್ತದೆ?

ಕೊಚ್ಚಿ/ತಿರುವನಂತಪುರಂ: ಕೇರಳದಲ್ಲಿ ಮನೆಯ ಕರೆಂಟ್ ಬಿಲ್ ಸಾಮಾನ್ಯವಾಗಿ 2 ತಿಂಗಳಿಗೊಮ್ಮೆ ಬರುತ್ತದೆ. ಅಂದರೆ ಒಂದು ಮನೆಯ ಮೀಟರ್‌ನಿಂದ ವರ್ಷಕ್ಕೆ ಕೇವಲ 6 ರೀಡಿಂಗ್. ಅದೇ ಮನೆಗೆ 15 ನಿಮಿಷಕ್ಕೊಮ್ಮೆ ಬಳಕೆ ದಾಖಲಿಸುವ ಸ್ಮಾರ್ಟ್ ಮೀಟರ್ ಬಂದರೆ ದಿನಕ್ಕೆ 96 ರೀಡಿಂಗ್, ವರ್ಷಕ್ಕೆ 35,040 ರೀಡಿಂಗ್. ಇಂಥ 1 ಕೋಟಿ ಮೀಟರ್‌ಗಳಿದ್ದರೆ ದಿನವೊಂದಕ್ಕೆ 96 ಕೋಟಿ ದಾಖಲೆ ಸೇರುತ್ತದೆ.

ಇಷ್ಟು ಡೇಟಾವನ್ನು ಎಲ್ಲಿ ಇಡಬೇಕು? ಅದಕ್ಕೆ ಎಷ್ಟು ಖರ್ಚಾಗುತ್ತದೆ? ಎಲ್ಲಕ್ಕಿಂತ ಮುಖ್ಯವಾಗಿ, ಆ ಡೇಟಾದ ಕೀಲಿ ಕೈ ಯಾರ ಬಳಿ ಇರುತ್ತದೆ? ಸಾಂಪ್ರದಾಯಿಕ ಡೇಟಾಬೇಸ್‌ನಿಂದ ಓಪನ್ ಸೋರ್ಸ್ ಬಿಗ್ ಡೇಟಾ ವೇದಿಕೆಗಳತ್ತ ಹೋಗುವ ಚರ್ಚೆಯೆಲ್ಲ ಈ 3 ಪ್ರಶ್ನೆಗಳ ಸುತ್ತಲೇ ನಡೆಯುತ್ತದೆ.

ಉಚಿತ ತಂತ್ರಾಂಶದ ವಿಷಯದಲ್ಲಿ ದೇಶದಲ್ಲೇ ಮುಂಚೂಣಿಯಲ್ಲಿರುವ ಕೇರಳ ಈ ಹಾದಿಯಲ್ಲಿ ಗೆದ್ದದ್ದೂ ಇದೆ, ಎಡವಿದ್ದೂ ಇದೆ. ಬೆಂಗಳೂರಿನಲ್ಲಿ ತಂತ್ರಜ್ಞಾನ ಕೇಂದ್ರ ಹೊಂದಿರುವ ಆಧಾರ್ ಇದೇ ಹಾದಿಯ ಬಹುದೊಡ್ಡ ಉದಾಹರಣೆ. ಈ ಬದಲಾವಣೆ ಎಂದರೇನು, ಯಾರಿಗೆ ಬೇಕು, ಯಾರಿಗೆ ಬೇಡ, ಹೇಗೆ ಮಾಡಬೇಕು ಎಂಬುದರ ಪೂರ್ಣ ಮಾಹಿತಿ ಇಲ್ಲಿದೆ.

ಸಾಂಪ್ರದಾಯಿಕ ಡೇಟಾಬೇಸ್ ಎಂದರೇನು?

ಬ್ಯಾಂಕ್ ಖಾತೆ, ರೈಲ್ವೆ ಟಿಕೆಟ್, ಪಡಿತರ ಚೀಟಿ, ಜನನ ಪ್ರಮಾಣಪತ್ರ ಹೀಗೆ ನಾವು ದಿನನಿತ್ಯ ಬಳಸುವ ಬಹುತೇಕ ಸೇವೆಗಳ ಹಿಂದೆ ಇರುವುದು ರಿಲೇಷನಲ್ ಡೇಟಾಬೇಸ್. ಮಾಹಿತಿಯನ್ನು ಸಾಲು ಮತ್ತು ಕಾಲಂಗಳಿರುವ ಕೋಷ್ಟಕಗಳಲ್ಲಿ ಇಟ್ಟು, ಒಂದು ಕೋಷ್ಟಕವನ್ನು ಇನ್ನೊಂದಕ್ಕೆ ಜೋಡಿಸುವ ವಿಧಾನ ಇದು. ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ 1970ರಲ್ಲಿ ಪ್ರಕಟಿಸಿದ ಪ್ರಬಂಧ ಇದಕ್ಕೆ ತಳಹದಿ. 1979ರಲ್ಲಿ ಒರಾಕಲ್ ಮಾರುಕಟ್ಟೆಗೆ ಬಂದ ಮೇಲೆ ಇದು ದೊಡ್ಡ ಉದ್ಯಮವೇ ಆಯಿತು. ಐಬಿಎಂನ ಡಿಬಿ2, ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ ಇದೇ ಸಾಲಿಗೆ ಸೇರುತ್ತವೆ.

ಇವುಗಳ ದೊಡ್ಡ ಬಲ ಲೆಕ್ಕದ ಶಿಸ್ತು. ಒಂದು ಖಾತೆಯಿಂದ 500 ರೂಪಾಯಿ ಹೋದರೆ ಇನ್ನೊಂದು ಖಾತೆಗೆ 500 ರೂಪಾಯಿ ಸೇರಲೇಬೇಕು. ನಡುವೆ ಕರೆಂಟ್ ಹೋದರೆ ಎರಡೂ ಆಗಬಾರದು. ಅರ್ಧಂಬರ್ಧ ಎಂಬುದಕ್ಕೆ ಇಲ್ಲಿ ಜಾಗವಿಲ್ಲ.

ತೊಂದರೆ ಇರುವುದು 2 ಕಡೆ. ಮೊದಲನೆಯದು ಬೆಲೆ. ಇಂಥ ತಂತ್ರಾಂಶಗಳ ಪರವಾನಗಿಯನ್ನು ಸಾಮಾನ್ಯವಾಗಿ ಸರ್ವರ್‌ನಲ್ಲಿರುವ ಪ್ರೊಸೆಸರ್ ಕೋರ್‌ಗಳ ಲೆಕ್ಕದಲ್ಲಿ ಮಾರಲಾಗುತ್ತದೆ. ಅದರ ಮೇಲೆ ಪ್ರತಿವರ್ಷ ಬೆಂಬಲ ಶುಲ್ಕ ಬೇರೆ. ಒರಾಕಲ್ ವಿಷಯದಲ್ಲಿ ಈ ಶುಲ್ಕ ಪರವಾನಗಿ ಬೆಲೆಯ ಶೇ.22ರಷ್ಟು. ಅಂದರೆ 5 ವರ್ಷ ಕಳೆಯುವಷ್ಟರಲ್ಲಿ ಬೆಂಬಲಕ್ಕೆ ಕೊಟ್ಟ ಹಣವೇ ಮೂಲ ಬೆಲೆಯನ್ನು ಮೀರುತ್ತದೆ.

ಎರಡನೆಯದು ಗಾತ್ರ. ಡೇಟಾ ಹೆಚ್ಚಾದಂತೆ ಇನ್ನೂ ದೊಡ್ಡ, ಇನ್ನೂ ದುಬಾರಿ ಸರ್ವರ್ ತರಬೇಕಾಗುತ್ತದೆ. ಒಂದು ಹಂತದ ನಂತರ ಅದಕ್ಕಿಂತ ದೊಡ್ಡ ಯಂತ್ರವೇ ಸಿಗುವುದಿಲ್ಲ.

ಬಿಗ್ ಡೇಟಾ ವೇದಿಕೆ ಹುಟ್ಟಿದ್ದು ಹೇಗೆ?

ಈ ಗಾತ್ರದ ಸಮಸ್ಯೆ ಮೊದಲು ತೀವ್ರವಾಗಿ ತಟ್ಟಿದ್ದು ಸರ್ಚ್ ಎಂಜಿನ್ ಕಂಪನಿಗಳಿಗೆ. ಇಡೀ ಇಂಟರ್ನೆಟ್‌ನ ಪುಟಗಳನ್ನು ಒಂದೇ ಯಂತ್ರದಲ್ಲಿ ಇಡಲು ಸಾಧ್ಯವಿರಲಿಲ್ಲ. ಸಾವಿರಾರು ಅಗ್ಗದ ಕಂಪ್ಯೂಟರ್‌ಗಳಲ್ಲಿ ಡೇಟಾ ಹಂಚಿಡುವ ವಿಧಾನವನ್ನು ಗೂಗಲ್ 2003 ಮತ್ತು 2004ರ ತನ್ನ ಸಂಶೋಧನಾ ಪ್ರಬಂಧಗಳಲ್ಲಿ ವಿವರಿಸಿತು. ಅದನ್ನೇ ಆಧರಿಸಿ ಡಗ್ ಕಟಿಂಗ್ ಮತ್ತು ಮೈಕ್ ಕ್ಯಾಫರೆಲ್ಲಾ ರೂಪಿಸಿದ ಓಪನ್ ಸೋರ್ಸ್ ತಂತ್ರಾಂಶವೇ ಹಡೂಪ್. 2006ರಲ್ಲಿ ಅದು ಪ್ರತ್ಯೇಕ ಯೋಜನೆಯಾಯಿತು. ಹಡೂಪ್ ಎಂಬುದು ಕಟಿಂಗ್ ಅವರ ಮಗನ ಆಟಿಕೆ ಆನೆಯ ಹೆಸರು.

ಹಡೂಪ್ ಕೆಲಸ ಮಾಡುವ ರೀತಿ ನಮ್ಮ ಮತ ಎಣಿಕೆಯನ್ನು ಹೋಲುತ್ತದೆ. ಎಲ್ಲ ಮತಗಳನ್ನೂ ಒಬ್ಬರೇ ಕುಳಿತು ಎಣಿಸುವುದಿಲ್ಲ. ಹಲವು ಟೇಬಲ್‌ಗಳಿಗೆ ಹಂಚುತ್ತಾರೆ. ಪ್ರತಿ ಟೇಬಲ್ ತನ್ನ ಪಾಲನ್ನು ಎಣಿಸಿ ಮೊತ್ತವನ್ನಷ್ಟೇ ಕಳುಹಿಸುತ್ತದೆ. ಕೊನೆಗೆ ಮೊತ್ತಗಳನ್ನು ಕೂಡಿಸಿದರೆ ಫಲಿತಾಂಶ ಸಿದ್ಧ. ಎಣಿಕೆ ಬೇಗ ಆಗಬೇಕಾದರೆ ಟೇಬಲ್‌ಗಳನ್ನು ಹೆಚ್ಚಿಸಿದರಾಯಿತು.

ಹಡೂಪ್‌ನಲ್ಲಿ ದೊಡ್ಡ ಫೈಲನ್ನು ಸಾಮಾನ್ಯವಾಗಿ 128 ಎಂಬಿ ತುಂಡುಗಳಾಗಿ ಒಡೆದು, ಪ್ರತಿ ತುಂಡಿನ 3 ಪ್ರತಿಗಳನ್ನು ಬೇರೆ ಬೇರೆ ಯಂತ್ರಗಳಲ್ಲಿ ಇಡಲಾಗುತ್ತದೆ. ಒಂದು ಯಂತ್ರ ಕೆಟ್ಟರೂ ಡೇಟಾ ಉಳಿಯುತ್ತದೆ, ಕೆಲಸವೂ ನಿಲ್ಲುವುದಿಲ್ಲ.

ಇದರ ಬೆನ್ನಿಗೇ ಹಲವು ಓಪನ್ ಸೋರ್ಸ್ ವೇದಿಕೆಗಳು ಬಂದವು:

* ಕಸಾಂಡ್ರಾ: ಫೇಸ್‌ಬುಕ್ 2008ರಲ್ಲಿ ಬಿಡುಗಡೆ ಮಾಡಿತು. ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಇದರ ರೂವಾರಿಗಳು. ಹಲವು ಯಂತ್ರಗಳಲ್ಲಿ ಒಟ್ಟಿಗೆ ವೇಗವಾಗಿ ಬರೆಯುವ ಕೆಲಸಕ್ಕೆ ಸೂಕ್ತ.
* ಸ್ಪಾರ್ಕ್: ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ 2009ರಲ್ಲಿ ಶುರುವಾದ ಯೋಜನೆ. ಡಿಸ್ಕ್‌ಗಿಂತ ಮೆಮೊರಿಯನ್ನು ಹೆಚ್ಚು ಬಳಸಿ ವಿಶ್ಲೇಷಣೆಯನ್ನು ವೇಗಗೊಳಿಸುತ್ತದೆ.
* ಕಾಫ್ಕಾ: ಲಿಂಕ್ಡ್‌ಇನ್ 2011ರಲ್ಲಿ ಓಪನ್ ಸೋರ್ಸ್ ಮಾಡಿತು. ಇದನ್ನು ರೂಪಿಸಿದ ಮೂವರಲ್ಲಿ ಪುಣೆ ಮೂಲದ ನೇಹಾ ನಾರ್ಖೆಡೆ ಒಬ್ಬರು. ನಿರಂತರವಾಗಿ ಹರಿದು ಬರುವ ಡೇಟಾವನ್ನು ಸಾಗಿಸುವುದು ಇದರ ಕೆಲಸ.
* ಪೋಸ್ಟ್‌ಗ್ರೆಸ್‌ಕ್ಯೂಎಲ್: ಇದು ಬಿಗ್ ಡೇಟಾ ವೇದಿಕೆಯಲ್ಲ, ರಿಲೇಷನಲ್ ಡೇಟಾಬೇಸ್. ಆದರೆ ಪೂರ್ಣ ಓಪನ್ ಸೋರ್ಸ್. 1986ರಲ್ಲಿ ಬರ್ಕ್ಲಿಯಲ್ಲಿ ಹುಟ್ಟಿ, 1996ರಲ್ಲಿ ಈಗಿನ ಹೆಸರು ಪಡೆಯಿತು. ಹಳೆಯ ಡೇಟಾಬೇಸ್ ಬಿಡುವವರ ಮೊದಲ ನಿಲ್ದಾಣ ಹೆಚ್ಚಾಗಿ ಇದೇ.

ಕೇರಳದ ಕಥೆ ಶುರುವಾಗಿದ್ದು ಎಲ್ಲಿಂದ?

ಫ್ರೀ ಸಾಫ್ಟ್‌ವೇರ್ ಚಳವಳಿಯ ಜನಕ ರಿಚರ್ಡ್ ಸ್ಟಾಲ್‌ಮನ್ 2001ರ ಜುಲೈನಲ್ಲಿ ತಿರುವನಂತಪುರಂಗೆ ಬಂದಿದ್ದರು. ಫ್ರೀ ಸಾಫ್ಟ್‌ವೇರ್ ಫೌಂಡೇಷನ್ ಆಫ್ ಇಂಡಿಯಾಕ್ಕೆ ಚಾಲನೆ ಸಿಕ್ಕಿದ್ದು ಅಲ್ಲೇ. ಅದೇ ವರ್ಷ ಶಾಲೆಗಳಿಗಾಗಿ 'ಐಟಿ@ಸ್ಕೂಲ್' ಯೋಜನೆಯೂ ಆರಂಭವಾಯಿತು. ಮುಂದೆ ಶಾಲಾ ಕಂಪ್ಯೂಟರ್‌ಗಳು ಹಂತ ಹಂತವಾಗಿ ಲಿನಕ್ಸ್‌ಗೆ ಬದಲಾದವು. 2007ರ ರಾಜ್ಯ ಐಟಿ ನೀತಿಯಲ್ಲಿ ಫ್ರೀ ಸಾಫ್ಟ್‌ವೇರ್‌ಗೆ ಸ್ಪಷ್ಟ ಸ್ಥಾನ ಸಿಕ್ಕಿತು. 2017ರಲ್ಲಿ ಐಟಿ@ಸ್ಕೂಲ್ ಯೋಜನೆ 'ಕೈಟ್' ಎಂಬ ಸರ್ಕಾರಿ ಕಂಪನಿಯಾಯಿತು.

ಇದರ ಪರಿಣಾಮ ಗಡಿನಾಡ ಕನ್ನಡಿಗರಿಗೂ ತಟ್ಟಿದೆ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳು ಕೇರಳ ಶಿಕ್ಷಣ ಇಲಾಖೆಯ ಅಡಿಯಲ್ಲೇ ಬರುವುದರಿಂದ ಅಲ್ಲಿನ ಮಕ್ಕಳೂ ಲಿನಕ್ಸ್‌ನಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ರಾಜ್ಯದ 15,000ಕ್ಕೂ ಹೆಚ್ಚು ಶಾಲೆಗಳ ಆಡಳಿತಕ್ಕೆ ಬಳಸುವ 'ಸಂಪೂರ್ಣ' ತಂತ್ರಾಂಶದ ತಿರುಳು 'ಫೆಡೆನಾ' ಎಂಬ ಓಪನ್ ಸೋರ್ಸ್ ತಂತ್ರಾಂಶ.

ಈ ಹಿನ್ನೆಲೆ ಮುಖ್ಯ. ಡೇಟಾಬೇಸ್ ಬದಲಾಯಿಸುವುದು ಎಂದರೆ ತಂತ್ರಾಂಶ ಬದಲಾಯಿಸುವುದಷ್ಟೇ ಅಲ್ಲ, ಅದನ್ನು ನಡೆಸುವ ಜನರೂ ಬೇಕು. ಕೇರಳದಲ್ಲಿ ಆ ಜನ ಶಾಲೆಯ ಮಟ್ಟದಿಂದಲೇ ತಯಾರಾಗಲು ಅವಕಾಶ ಸಿಕ್ಕಿತು.

'ಒರುಮ': ವಿದ್ಯುತ್ ಮಂಡಳಿಯ ಸ್ವಂತ ಬಿಲ್ಲಿಂಗ್ ತಂತ್ರಾಂಶ

ತಿರುವನಂತಪುರಂನ ಪಟ್ಟಂನಲ್ಲಿರುವ ವೈದ್ಯುತಿ ಭವನ ಕೇರಳ ರಾಜ್ಯ ವಿದ್ಯುತ್ ಮಂಡಳಿಯ (ಕೆಎಸ್‌ಇಬಿ) ಕೇಂದ್ರ ಕಚೇರಿ. 1 ಕೋಟಿಗೂ ಹೆಚ್ಚು ಗ್ರಾಹಕರ ಬಿಲ್ ಲೆಕ್ಕ ಇಡುವ ಕೆಲಸಕ್ಕೆ ಮಂಡಳಿ ಹೊರಗಿನ ದುಬಾರಿ ತಂತ್ರಾಂಶವನ್ನು ನೆಚ್ಚಿಕೊಳ್ಳಲಿಲ್ಲ. ತನ್ನದೇ ಸಿಬ್ಬಂದಿಯಿಂದ 'ಒರುಮ' ಎಂಬ ತಂತ್ರಾಂಶ ಸಿದ್ಧಪಡಿಸಿತು. ಮಲಯಾಳಂನಲ್ಲಿ ಒರುಮ ಎಂದರೆ ಒಗ್ಗಟ್ಟು.

ಲಿನಕ್ಸ್ ಮತ್ತು ಪೋಸ್ಟ್‌ಗ್ರೆಸ್‌ಕ್ಯೂಎಲ್ ಮೇಲೆ ನಿಂತ ಈ ತಂತ್ರಾಂಶ ಮೊದಲು ಸೆಕ್ಷನ್ ಕಚೇರಿಗಳಿಗೆ ಹೋಯಿತು. ನಂತರ ಎಲ್ಲವನ್ನೂ ಒಂದೆಡೆ ಸೇರಿಸಿದ 'ಒರುಮನೆಟ್' ಬಂತು. ನೂರಾರು ಕಚೇರಿಗಳಿಗೆ ಡೇಟಾಬೇಸ್ ಪರವಾನಗಿ ಖರೀದಿಸುವ ಪ್ರಶ್ನೆಯೇ ಬರಲಿಲ್ಲ.

ಹಣ ಉಳಿದದ್ದು ಒಂದು ಲಾಭ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ವಿದ್ಯುತ್ ದರದ ಸ್ಲ್ಯಾಬ್ ಬದಲಾದಾಗ ಅಥವಾ ಹೊಸ ರಿಯಾಯಿತಿ ಘೋಷಣೆಯಾದಾಗ ತಂತ್ರಾಂಶ ತಿದ್ದಲು ಹೊರಗಿನ ಕಂಪನಿಯ ಮನೆ ಬಾಗಿಲಿಗೆ ಹೋಗಬೇಕಿಲ್ಲ. ಕೋಡ್ ಮಂಡಳಿಯ ಕೈಯಲ್ಲೇ ಇರುತ್ತದೆ, ಅದನ್ನು ಬಲ್ಲವರೂ ಮಂಡಳಿಯ ಒಳಗೇ ಇರುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಒರುಮ ಬಿಗ್ ಡೇಟಾ ವೇದಿಕೆಯಲ್ಲ. 2 ತಿಂಗಳಿಗೊಮ್ಮೆ ಬಿಲ್ ಮಾಡುವ ಕೆಲಸಕ್ಕೆ ರಿಲೇಷನಲ್ ಡೇಟಾಬೇಸ್ ಸಾಕು. ಆದರೆ ಸ್ಮಾರ್ಟ್ ಮೀಟರ್ ಬಂದಾಗ ಲೆಕ್ಕ ಬದಲಾಗುತ್ತದೆ. ಬಿಲ್ ಲೆಕ್ಕ ರಿಲೇಷನಲ್ ಡೇಟಾಬೇಸ್‌ನಲ್ಲೇ ಉಳಿಯಬಹುದು. ದಿನಕ್ಕೆ 96 ಬಾರಿ ಬರುವ ರೀಡಿಂಗ್‌ಗಳ ಪ್ರವಾಹವನ್ನು ಹಿಡಿಯಲು, ಯಾವ ಟ್ರಾನ್ಸ್‌ಫಾರ್ಮರ್ ಮೇಲೆ ಯಾವ ಹೊತ್ತಿನಲ್ಲಿ ಹೊರೆ ಹೆಚ್ಚು ಎಂದು ನೋಡಲು, ಕಳ್ಳತನದ ಸುಳಿವು ಹಿಡಿಯಲು ಬೇರೆಯದೇ ವ್ಯವಸ್ಥೆ ಬೇಕು.

ಸ್ಮಾರ್ಟ್ ಮೀಟರ್ ವಿಷಯದಲ್ಲೂ ಕೇರಳ ಸುಲಭವಾಗಿ ಒಪ್ಪಲಿಲ್ಲ. ಖಾಸಗಿ ಕಂಪನಿಯೇ ಹಣ ಹೂಡಿ, ಮೀಟರ್ ಅಳವಡಿಸಿ, ವರ್ಷಗಟ್ಟಲೆ ನಿರ್ವಹಿಸಿ ಶುಲ್ಕ ಪಡೆಯುವ 'ಟೋಟೆಕ್ಸ್' ಮಾದರಿ ಬೇಡ ಎಂದು ರಾಜ್ಯ 2023ರಲ್ಲಿ ನಿರ್ಧರಿಸಿತು. ನೌಕರರ ಸಂಘಟನೆಗಳ ವಿರೋಧವೂ ಇದಕ್ಕೆ ಕಾರಣವಾಗಿತ್ತು. ಮೀಟರ್ ಯಾರದ್ದು ಎಂಬ ಈ ಜಗಳದ ಒಳಗೆ ಡೇಟಾ ಯಾರದ್ದು ಎಂಬ ಪ್ರಶ್ನೆಯೂ ಇದೆ.

2020ರ ಪಾಠ: ಹೈಕೋರ್ಟ್ ಮೆಟ್ಟಿಲೇರಿದ ಡೇಟಾ

ಓಪನ್ ಸೋರ್ಸ್ ನೀತಿ ಕಾಗದದಲ್ಲಿ ಇದ್ದರೆ ಸಾಲದು ಎಂಬುದಕ್ಕೂ ಕೇರಳವೇ ಉದಾಹರಣೆ. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಕೋವಿಡ್ ಹರಡಲು ಶುರುವಾದಾಗ ಲಕ್ಷಾಂತರ ಜನರ ಆರೋಗ್ಯ ಮಾಹಿತಿಯನ್ನು ತ್ವರಿತವಾಗಿ ಒಟ್ಟುಗೂಡಿಸಿ ವಿಶ್ಲೇಷಿಸಬೇಕಾಯಿತು. ಆಗ ರಾಜ್ಯ ಸರ್ಕಾರ ಅಮೆರಿಕದ ಸ್ಪ್ರಿಂಕ್ಲರ್ ಕಂಪನಿಯ ವೇದಿಕೆಯನ್ನು ಬಳಸಲು ಒಪ್ಪಂದ ಮಾಡಿಕೊಂಡಿತು. ಸೇವೆ ಉಚಿತವಾಗಿತ್ತು.

ಜನರ ಒಪ್ಪಿಗೆಯಿಲ್ಲದೆ ಆರೋಗ್ಯ ಮಾಹಿತಿ ವಿದೇಶಿ ಕಂಪನಿಯ ಕೈಗೆ ಹೋಗುತ್ತಿದೆ ಎಂದು ಆಗಿನ ವಿರೋಧ ಪಕ್ಷದ ನಾಯಕ ರಮೇಶ್ ಚೆನ್ನಿತ್ತಲ ಆರೋಪಿಸಿದರು. ವ್ಯಾಜ್ಯ ಬಂದರೆ ನ್ಯೂಯಾರ್ಕ್ ನ್ಯಾಯಾಲಯಕ್ಕೆ ಹೋಗಬೇಕು ಎಂಬ ಒಪ್ಪಂದದ ಷರತ್ತು ಕೂಡ ಟೀಕೆಗೆ ಗುರಿಯಾಯಿತು. ಭಾರಿ ಪ್ರಮಾಣದ ಡೇಟಾ ವಿಶ್ಲೇಷಿಸಲು ತುರ್ತಾಗಿ ಇಂಥ ಸಾಧನ ಬೇಕಿತ್ತು, ಡೇಟಾ ರಾಜ್ಯದ್ದೇ ಆಗಿರುತ್ತದೆ ಎಂಬುದು ಸರ್ಕಾರದ ವಾದವಾಗಿತ್ತು.

ವಿಷಯ ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟ್‌ಗೆ ಹೋಯಿತು. 2020ರ ಏಪ್ರಿಲ್ 24ರಂದು ಮಧ್ಯಂತರ ಆದೇಶ ನೀಡಿದ ನ್ಯಾಯಾಲಯ, ಒಪ್ಪಂದವನ್ನು ತಡೆಹಿಡಿಯಲಿಲ್ಲ. ಆದರೆ ಜನರ ಗುರುತು ಸಿಗದಂತೆ ಹೆಸರು, ವಿವರಗಳನ್ನು ಮರೆಮಾಚಿದ ಮೇಲಷ್ಟೇ ಡೇಟಾವನ್ನು ಕಂಪನಿಗೆ ತೋರಿಸಬೇಕು, ಹೊರಗಿನ ಕಂಪನಿ ಡೇಟಾ ನೋಡಬಹುದು ಎಂದು ತಿಳಿಸಿ ಜನರ ಒಪ್ಪಿಗೆ ಪಡೆಯಬೇಕು ಎಂದಿತು. ಡೇಟಾ ದುರ್ಬಳಕೆಯಾಗದಂತೆ ಕಂಪನಿಗೂ ನಿರ್ಬಂಧ ಹಾಕಿತು. ಮೇ ತಿಂಗಳಲ್ಲಿ ಸರ್ಕಾರ, ಕಂಪನಿಗೆ ಡೇಟಾ ಲಭ್ಯತೆ ಇನ್ನು ಇಲ್ಲ, ಅದು ತಿರುವನಂತಪುರಂನ ಸರ್ಕಾರಿ ಸಂಸ್ಥೆ ಸಿ-ಡಿಟ್ ನಿಯಂತ್ರಣದಲ್ಲಿದೆ ಎಂದು ನ್ಯಾಯಾಲಯಕ್ಕೆ ತಿಳಿಸಿತು.

ಈ ಪ್ರಕರಣದ ರಾಜಕೀಯ ಏನೇ ಇರಲಿ, ತಾಂತ್ರಿಕ ಪಾಠ ಒಂದೇ. ಬಿಲ್ ಮಾಡುವ ಕೆಲಸಕ್ಕೆ ರಾಜ್ಯದಲ್ಲಿ ಸ್ವಂತ ತಂತ್ರಾಂಶ ಇತ್ತು, ಸ್ವಂತ ಎಂಜಿನಿಯರ್‌ಗಳಿದ್ದರು. ದೊಡ್ಡ ಪ್ರಮಾಣದ ಡೇಟಾವನ್ನು ವೇಗವಾಗಿ ವಿಶ್ಲೇಷಿಸುವ ವೇದಿಕೆ ಮಾತ್ರ ಸಿದ್ಧವಾಗಿರಲಿಲ್ಲ. ತುರ್ತು ಬಂದಾಗ ಹೊರಗೆ ಕೈಚಾಚಬೇಕಾಯಿತು. ಬಾವಿ ತೋಡುವ ಕೆಲಸ ಮನೆಗೆ ಬೆಂಕಿ ಬಿದ್ದ ಮೇಲೆ ಆಗುವಂಥದ್ದಲ್ಲ.

ಬೆಂಗಳೂರಿನ ಆಧಾರ್: ಮೊದಲ ದಿನದಿಂದಲೇ ಓಪನ್ ಸೋರ್ಸ್

ಹಾಗಾದರೆ ಸರ್ಕಾರಿ ವ್ಯವಸ್ಥೆಯೊಂದು ಈ ಸಾಮರ್ಥ್ಯವನ್ನು ಮೊದಲೇ ಕಟ್ಟಿಕೊಳ್ಳಲು ಸಾಧ್ಯವೇ? ಸಾಧ್ಯ ಎನ್ನುವುದಕ್ಕೆ ಆಧಾರ್ ಸಾಕ್ಷಿ. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದುರ್ಬಾರ್ ಜಿಲ್ಲೆಯ ಟೆಂಭ್ಲಿ ಗ್ರಾಮದಲ್ಲಿ ಮೊದಲ ಆಧಾರ್ ಸಂಖ್ಯೆ ವಿತರಣೆಯಾಯಿತು. ಅದರ ತಾಂತ್ರಿಕ ವಿನ್ಯಾಸ ರೂಪುಗೊಂಡಿದ್ದು ಬೆಂಗಳೂರಿನಲ್ಲಿ. ಇಂದು 130 ಕೋಟಿಗೂ ಹೆಚ್ಚು ಸಂಖ್ಯೆಗಳು ಈ ವ್ಯವಸ್ಥೆಯಲ್ಲಿವೆ.

ಒಬ್ಬರಿಗೆ ಒಂದೇ ಸಂಖ್ಯೆ ಎಂಬ ನಿಯಮ ಪಾಲಿಸಲು ಹೊಸದಾಗಿ ನೋಂದಾಯಿಸುವ ಪ್ರತಿಯೊಬ್ಬರ ಬೆರಳಚ್ಚು, ಕಣ್ಣಿನ ವಿವರವನ್ನು ಅದಾಗಲೇ ಇರುವ ಎಲ್ಲರೊಂದಿಗೆ ಹೋಲಿಸಬೇಕು. 60 ಕೋಟಿ ಜನರು ಇರುವಾಗ ದಿನಕ್ಕೆ 10 ಲಕ್ಷ ಹೊಸ ನೋಂದಣಿ ಬಂದರೆ ಆಗುವ ಹೋಲಿಕೆಗಳ ಸಂಖ್ಯೆ 600 ಲಕ್ಷ ಕೋಟಿ. ಒಂದು ದೊಡ್ಡ ಯಂತ್ರದಿಂದ ಆಗುವ ಕೆಲಸ ಇದಲ್ಲ.

ಆದ್ದರಿಂದ ಯಾವುದೇ ಒಂದು ಕಂಪನಿಗೆ ಕಟ್ಟುಬೀಳದ, ಸಾಮಾನ್ಯ ಸರ್ವರ್‌ಗಳನ್ನು ಸೇರಿಸುತ್ತಾ ಬೆಳೆಸಬಹುದಾದ ವಿನ್ಯಾಸವನ್ನು ಆರಿಸಿಕೊಳ್ಳಲಾಯಿತು. ಹಡೂಪ್, ಎಚ್‌ಬೇಸ್, ಹೈವ್, ಮೈಎಸ್‌ಕ್ಯೂಎಲ್, ಮೊಂಗೊಡಿಬಿ, ಸೋಲರ್ ಮೊದಲಾದ ಓಪನ್ ಸೋರ್ಸ್ ತಂತ್ರಾಂಶಗಳು ಬಳಕೆಗೆ ಬಂದವು. ಎಲ್ಲವೂ ಓಪನ್ ಸೋರ್ಸ್ ಆಗಿರಲಿಲ್ಲ. ಬೆರಳಚ್ಚು ಹೋಲಿಸುವ ತಂತ್ರಾಂಶವನ್ನು 3 ಕಂಪನಿಗಳಿಂದ ಪಡೆಯಲಾಯಿತು. ಆದರೆ ಮೂರೂ ಒಂದೇ ರೀತಿಯ ಸಂಪರ್ಕ ನಿಯಮ ಪಾಲಿಸಬೇಕಿತ್ತು. ಒಂದನ್ನು ತೆಗೆದು ಇನ್ನೊಂದನ್ನು ಕೂರಿಸಲು ಅಡ್ಡಿಯಿರಬಾರದು ಎಂಬುದು ಉದ್ದೇಶ.

ಆಧಾರ್‌ನಲ್ಲಿ ಹಳೆಯದು, ಹೊಸದು ಎರಡೂ ಜೊತೆಯಲ್ಲೇ ಇವೆ ಎಂಬುದನ್ನು ಗಮನಿಸಬೇಕು. ಶಿಸ್ತಿನ ಲೆಕ್ಕಕ್ಕೆ ರಿಲೇಷನಲ್ ಡೇಟಾಬೇಸ್, ಭಾರಿ ಗಾತ್ರಕ್ಕೆ ಹಂಚಿಕೆಯ ವೇದಿಕೆ. ಅಂದಹಾಗೆ, ಓಪನ್ ಸೋರ್ಸ್ ಬಳಸಿದ ಮಾತ್ರಕ್ಕೆ ಖಾಸಗಿತನದ ಪ್ರಶ್ನೆ ತೀರುವುದಿಲ್ಲ. ಆಧಾರ್ ಬಳಕೆಯ ಮಿತಿಯನ್ನು ಕೊನೆಗೆ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ನಿಗದಿಪಡಿಸಬೇಕಾಯಿತು.

ಕೇಂದ್ರ ಸರ್ಕಾರವೂ 2015ರಲ್ಲಿ ಓಪನ್ ಸೋರ್ಸ್ ತಂತ್ರಾಂಶ ಬಳಕೆಯ ನೀತಿ ಪ್ರಕಟಿಸಿತು. ಇ-ಆಡಳಿತ ಯೋಜನೆಗಳಲ್ಲಿ ಓಪನ್ ಸೋರ್ಸ್‌ಗೆ ಆದ್ಯತೆ ಕೊಡಬೇಕು ಎಂಬುದು ಅದರ ಆಶಯ.

ಬದಲಾವಣೆ ಹೇಗೆ ಮಾಡುತ್ತಾರೆ? ಹಂತ ಹಂತದ ವಿವರ

ಓಡುತ್ತಿರುವ ಬಸ್ಸಿನ ಎಂಜಿನ್ ಬದಲಿಸಿದಂತೆ ಇದು. ಸೇವೆ ನಿಲ್ಲುವಂತಿಲ್ಲ, ಡೇಟಾ ಕಳೆಯುವಂತಿಲ್ಲ.

1. ಪಟ್ಟಿ ಮಾಡುವುದು: ಯಾವ ಕೋಷ್ಟಕ ಎಷ್ಟು ದೊಡ್ಡದು, ಅದನ್ನು ಯಾರು ಬಳಸುತ್ತಾರೆ, ಯಾವುದು ದಿನನಿತ್ಯ ಬೇಕು, ಯಾವುದು ವರ್ಷಕ್ಕೊಮ್ಮೆ ಬೇಕು ಎಂಬ ಲೆಕ್ಕ ಮೊದಲು ಆಗಬೇಕು. ಯಾರೂ ಬಳಸದ ಹಳೆಯ ಕೋಷ್ಟಕಗಳು ಎಷ್ಟಿವೆ ಎಂಬುದು ಗೊತ್ತಾಗುವುದು ಇಲ್ಲೇ.

2. ಕೋಡ್ ಪರಿವರ್ತನೆ: ಕೋಷ್ಟಕಗಳನ್ನು ಸಾಗಿಸುವುದು ಸುಲಭ. ಡೇಟಾಬೇಸ್ ಒಳಗೇ ಬರೆದಿಟ್ಟ ಸಾವಿರಾರು ಸಾಲುಗಳ ಕೋಡ್ ಬದಲಿಸುವುದು ಕಷ್ಟ. ಒರಾಕಲ್‌ನಿಂದ ಪೋಸ್ಟ್‌ಗ್ರೆಸ್‌ಗೆ ಬರುವವರಿಗೆ 'ಒರಾ2ಪಿಜಿ' ಎಂಬ ಉಚಿತ ಸಾಧನ ಇದೆ. ಆದರೂ ಕೈಯಾರೆ ತಿದ್ದುವ ಕೆಲಸ ತಪ್ಪದು.

3. ಚಿಕ್ಕ ವ್ಯತ್ಯಾಸ, ದೊಡ್ಡ ತಪ್ಪು: ಖಾಲಿ ಬಿಟ್ಟ ಪದವನ್ನು ಒರಾಕಲ್ 'ಮೌಲ್ಯವೇ ಇಲ್ಲ' ಎಂದು ಪರಿಗಣಿಸುತ್ತದೆ. ಪೋಸ್ಟ್‌ಗ್ರೆಸ್ ಹಾಗೆ ಮಾಡುವುದಿಲ್ಲ, ಅದಕ್ಕೆ ಇವೆರಡೂ ಬೇರೆ ಬೇರೆ. ಹಾಗೆಯೇ ಒರಾಕಲ್‌ನ ದಿನಾಂಕದೊಳಗೆ ಗಂಟೆ, ನಿಮಿಷವೂ ಇರುತ್ತದೆ. ಪೋಸ್ಟ್‌ಗ್ರೆಸ್‌ನ ದಿನಾಂಕದಲ್ಲಿ ಇರುವುದಿಲ್ಲ. ಇದನ್ನು ಗಮನಿಸದಿದ್ದರೆ ವರದಿಗಳ ಲೆಕ್ಕವೇ ತಪ್ಪುತ್ತದೆ, ಯಾವ ಎಚ್ಚರಿಕೆಯೂ ಬರುವುದಿಲ್ಲ.

4. ಭಾಷೆಯ ತೊಡಕು: ಇದು ನಮ್ಮ ರಾಜ್ಯಗಳಿಗೆ ವಿಶೇಷ. ಹಳೆಯ ಕಡತಗಳಲ್ಲಿ ಯುನಿಕೋಡ್ ಅಲ್ಲದ ಫಾಂಟ್‌ಗಳಲ್ಲಿ ಟೈಪ್ ಮಾಡಿದ ಹೆಸರುಗಳಿರುತ್ತವೆ. ಕನ್ನಡದಲ್ಲಿ ಹಳೆಯ ನುಡಿ, ಬರಹ ಫೈಲ್‌ಗಳ ಸಮಸ್ಯೆ ಎಲ್ಲರಿಗೂ ಗೊತ್ತು. ಮಲಯಾಳಂನಲ್ಲಿ ಇನ್ನೊಂದು ತೊಡಕಿದೆ. 'ಚಿಲ್ಲು' ಅಕ್ಷರಗಳಿಗೆ 2008ರ ಯುನಿಕೋಡ್ 5.1ರಲ್ಲಿ ಪ್ರತ್ಯೇಕ ಸಂಕೇತ ಬಂತು. ಅದಕ್ಕೂ ಮೊದಲು ಬೇರೆ ವಿಧಾನವಿತ್ತು. ಹಾಗಾಗಿ ಪರದೆಯ ಮೇಲೆ ಒಂದೇ ರೀತಿ ಕಾಣುವ ಹೆಸರು ಕಂಪ್ಯೂಟರ್‌ಗೆ 2 ಬೇರೆ ಹೆಸರಾಗಿರಬಹುದು. ಸರಿಪಡಿಸದೆ ಸಾಗಿಸಿದರೆ ಒಬ್ಬರೇ ವ್ಯಕ್ತಿ ಇಬ್ಬರಾಗುತ್ತಾರೆ, ಹುಡುಕಿದರೆ ಸಿಗುವುದೂ ಇಲ್ಲ.

5. ಜೊತೆ ಓಟ: ಹಳೆಯ ಮತ್ತು ಹೊಸ ವ್ಯವಸ್ಥೆಗಳನ್ನು ಕೆಲಕಾಲ ಒಟ್ಟಿಗೆ ನಡೆಸಿ, ಎರಡರ ಮೊತ್ತ ತಾಳೆ ನೋಡಬೇಕು. ಹಳೆಯದರಲ್ಲಿ ಆಗುವ ಪ್ರತಿ ಬದಲಾವಣೆಯನ್ನು ಹೊಸದಕ್ಕೆ ಕಳುಹಿಸಲು ಡೆಬೆಜಿಯಂ, ಕಾಫ್ಕಾದಂಥ ಸಾಧನ ಬಳಸುತ್ತಾರೆ.

6. ಹಿಂದಿರುಗುವ ದಾರಿ: ಹೊಸದು ಕೈಕೊಟ್ಟರೆ ಹಳೆಯದಕ್ಕೆ ಮರಳುವ ವ್ಯವಸ್ಥೆ ಇಟ್ಟುಕೊಂಡೇ ಮುಂದಡಿ ಇಡಬೇಕು.

ಇಂಥ ಬದಲಾವಣೆಯನ್ನು ಒಂದೇ ದಿನದಲ್ಲಿ ರಾಜ್ಯವ್ಯಾಪಿ ಮಾಡಬಾರದು ಎಂಬುದಕ್ಕೆ ಕೆ-ಸ್ಮಾರ್ಟ್ ಉತ್ತಮ ಉದಾಹರಣೆ. ಸ್ಥಳೀಯ ಸಂಸ್ಥೆಗಳಲ್ಲಿ ಜನನ-ಮರಣ ನೋಂದಣಿಗೆ ಸೇವನ, ಆಸ್ತಿ ತೆರಿಗೆಗೆ ಸಂಚಯ, ಲೆಕ್ಕಪತ್ರಕ್ಕೆ ಸಾಂಖ್ಯ ಎಂಬ ಪ್ರತ್ಯೇಕ ತಂತ್ರಾಂಶಗಳಿದ್ದವು. ಇವನ್ನೆಲ್ಲ ಒಂದೇ ವೇದಿಕೆಗೆ ತರುವ ಕೆ-ಸ್ಮಾರ್ಟ್‌ಗೆ 2024ರ ಜನವರಿ 1ರಂದು ಕೊಚ್ಚಿಯಲ್ಲಿ ಚಾಲನೆ ಸಿಕ್ಕಿತು. ಇದನ್ನು ರೂಪಿಸಿದ್ದು ಸರ್ಕಾರದ್ದೇ ಆದ ಇನ್ಫರ್ಮೇಷನ್ ಕೇರಳ ಮಿಷನ್. ಮೊದಲು ನಗರಸಭೆ, ಪಾಲಿಕೆಗಳಲ್ಲಿ ಮಾತ್ರ ಜಾರಿಯಾಯಿತು. ಗ್ರಾಮ ಪಂಚಾಯಿತಿಗಳಿಗೆ ವಿಸ್ತರಣೆಯಾಗಿದ್ದು 2025ರ ಏಪ್ರಿಲ್‌ನಲ್ಲಿ.

ಉಚಿತ ಎಂದರೆ ಖರ್ಚೇ ಇಲ್ಲವೇ?

ಖಂಡಿತ ಇದೆ. ಪರವಾನಗಿಯ ಹಣ ಉಳಿಯುತ್ತದೆ, ಎಂಜಿನಿಯರ್‌ಗಳ ಸಂಬಳ ಉಳಿಯುವುದಿಲ್ಲ. ಹಡೂಪ್ ಕ್ಲಸ್ಟರ್ ನಡೆಸಲು ನುರಿತ ತಂಡವೇ ಬೇಕು. ತಂಡ ಕಟ್ಟದೆ ತಂತ್ರಾಂಶ ಮಾತ್ರ ತಂದವರು ಕೊನೆಗೆ ಮತ್ತೊಂದು ಕಂಪನಿಯ ಬೆಂಬಲ ಖರೀದಿಸುತ್ತಾರೆ. ಆಗ ಒಂದು ಅವಲಂಬನೆ ಹೋಗಿ ಇನ್ನೊಂದು ಬಂದಂತಾಗುತ್ತದೆ.

ಭದ್ರತೆಯೂ ತಾನಾಗಿಯೇ ಬರುವುದಿಲ್ಲ. 2016ರ ಕೊನೆ ಮತ್ತು 2017ರ ಆರಂಭದಲ್ಲಿ ಪಾಸ್‌ವರ್ಡ್ ಇಲ್ಲದೆ ಇಂಟರ್ನೆಟ್‌ಗೆ ತೆರೆದಿಟ್ಟಿದ್ದ ಸಾವಿರಾರು ಮೊಂಗೊಡಿಬಿ ಡೇಟಾಬೇಸ್‌ಗಳನ್ನು ದುಷ್ಕರ್ಮಿಗಳು ಅಳಿಸಿಹಾಕಿ ಹಣ ಕೇಳಿದ್ದರು. ತಪ್ಪು ತಂತ್ರಾಂಶಕ್ಕಿಂತ ಹೆಚ್ಚಾಗಿ ಅದನ್ನು ಹಾಗೇ ಬಿಟ್ಟವರದ್ದು.

ಪರವಾನಗಿ ಬದಲಾಗುವ ಅಪಾಯವೂ ಇದೆ. ಮೊಂಗೊಡಿಬಿ 2018ರಲ್ಲಿ, ಇಲಾಸ್ಟಿಕ್‌ಸರ್ಚ್ 2021ರಲ್ಲಿ, ರೆಡಿಸ್ 2024ರಲ್ಲಿ ಹಳೆಯ ಮುಕ್ತ ಪರವಾನಗಿ ಬಿಟ್ಟು ಬಿಗಿಯಾದ ನಿಯಮಗಳಿಗೆ ಹೋದವು. ರೆಡಿಸ್ ಬಳಸುತ್ತಿದ್ದವರು ಕೂಡಲೇ ಹಳೆಯ ಕೋಡ್ ಆಧರಿಸಿ 'ವಾಲ್ಕಿ' ಎಂಬ ಹೊಸ ಯೋಜನೆ ಶುರುಮಾಡಿದರು. ಕೋಡ್ ಮುಕ್ತವಾಗಿದ್ದರಿಂದ ಅದು ಸಾಧ್ಯವಾಯಿತು. ಒಂದೇ ಕಂಪನಿಯ ಹಿಡಿತದಲ್ಲಿರುವ ಯೋಜನೆಗಿಂತ, ಅಪಾಚೆ ಫೌಂಡೇಷನ್‌ನಂಥ ಸಂಸ್ಥೆ ಅಥವಾ ಪೋಸ್ಟ್‌ಗ್ರೆಸ್‌ನಂತೆ ಸಮುದಾಯವೇ ನಡೆಸುವ ಯೋಜನೆ ಹೆಚ್ಚು ಸುರಕ್ಷಿತ ಎನ್ನುವುದು ಇದರಿಂದ ತಿಳಿಯುವ ಪಾಠ.

ಯಾರಿಗೆ ಬೇಕು, ಯಾರಿಗೆ ಬೇಡ?

* ಕೆಲವು ಲಕ್ಷ ದಾಖಲೆಗಳಿರುವ ಸಹಕಾರ ಸಂಘ, ಆಸ್ಪತ್ರೆ, ಕಾಲೇಜು: ಬಿಗ್ ಡೇಟಾ ವೇದಿಕೆ ಬೇಡ. ಪೋಸ್ಟ್‌ಗ್ರೆಸ್ ಅಥವಾ ಮರಿಯಾಡಿಬಿ ಧಾರಾಳ ಸಾಕು.
* ಹಣದ ವ್ಯವಹಾರ, ಭೂ ದಾಖಲೆ, ಪ್ರಮಾಣಪತ್ರ: ರಿಲೇಷನಲ್ ಡೇಟಾಬೇಸ್ ಬಿಡಬೇಡಿ. ಬೇಕಿದ್ದರೆ ಓಪನ್ ಸೋರ್ಸ್ ರಿಲೇಷನಲ್‌ಗೆ ಬದಲಿಸಿ.
* ಸ್ಮಾರ್ಟ್ ಮೀಟರ್, ಬಸ್-ಮೆಟ್ರೊ ಜಿಪಿಎಸ್ ಮತ್ತು ಟಿಕೆಟ್ ದಾಖಲೆ, ಸೆನ್ಸರ್, ಕೋಟ್ಯಂತರ ಜನರ ಆರೋಗ್ಯ ಅಂಕಿಅಂಶ: ಹಂಚಿಕೆಯ ವೇದಿಕೆ ಅಗತ್ಯ ಬೀಳುತ್ತದೆ.
* ವೈಯಕ್ತಿಕ ಮಾಹಿತಿ ಇರುವ ಎಲ್ಲರೂ: 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯ ಪ್ರಕಾರ ಡೇಟಾ ಕಾಪಾಡುವ ಹೊಣೆ ಅದನ್ನು ಸಂಗ್ರಹಿಸುವವರದ್ದು. ತಂತ್ರಾಂಶ ಯಾವುದಾದರೂ ಹೊಣೆ ತಪ್ಪದು.

ಪ್ರಶ್ನೋತ್ತರ

ಹಡೂಪ್ ಹಳತಾಯಿತೇ?
ಸ್ವಂತ ಹಡೂಪ್ ಕ್ಲಸ್ಟರ್ ಕಟ್ಟುವ ಉತ್ಸಾಹ ಮೊದಲಿನಷ್ಟಿಲ್ಲ. ಲೆಕ್ಕದ ಕೆಲಸ ಹೆಚ್ಚಾಗಿ ಸ್ಪಾರ್ಕ್‌ಗೆ, ಸಂಗ್ರಹ ಕ್ಲೌಡ್‌ಗೆ ಹೋಗಿದೆ. ಆದರೆ ಡೇಟಾ ಹಂಚಿಡುವ, ಲೆಕ್ಕವನ್ನು ಹಂಚಿ ಮಾಡುವ ಮೂಲ ವಿಚಾರ ಎಲ್ಲೆಡೆ ಉಳಿದಿದೆ.

ಕ್ಲೌಡ್ ಇದ್ದರೆ ಓಪನ್ ಸೋರ್ಸ್ ಯಾಕೆ?
ಕ್ಲೌಡ್ ಕಂಪನಿಯ ಸ್ವಂತ ಡೇಟಾಬೇಸ್‌ನಲ್ಲಿ ಸಿಕ್ಕಿಕೊಂಡರೆ ಹೊರಬರುವುದು ಕಷ್ಟ. ಕ್ಲೌಡ್‌ನಲ್ಲೇ ಪೋಸ್ಟ್‌ಗ್ರೆಸ್, ಕಾಫ್ಕಾ ಬಳಸಿದರೆ ನಾಳೆ ಇನ್ನೊಂದು ಕ್ಲೌಡ್‌ಗೆ ಅಥವಾ ಸ್ವಂತ ಡೇಟಾ ಸೆಂಟರ್‌ಗೆ ಬದಲಾಯಿಸಬಹುದು.

ವಿದ್ಯಾರ್ಥಿಗಳು ಏನು ಕಲಿಯಬೇಕು?
ಮೊದಲು ಲಿನಕ್ಸ್ ಮತ್ತು ಎಸ್‌ಕ್ಯೂಎಲ್. ನಂತರ ಪೈಥಾನ್, ಪೋಸ್ಟ್‌ಗ್ರೆಸ್. ಅದಾದ ಮೇಲೆ ಸ್ಪಾರ್ಕ್, ಕಾಫ್ಕಾ. ಎಲ್ಲವನ್ನೂ ಉಚಿತವಾಗಿ ಡೌನ್‌ಲೋಡ್ ಮಾಡಿಕೊಂಡು ಮನೆಯ ಲ್ಯಾಪ್‌ಟಾಪ್‌ನಲ್ಲೇ ಅಭ್ಯಾಸ ಮಾಡಬಹುದು. ತಿರುವನಂತಪುರಂನ ಟೆಕ್ನೋಪಾರ್ಕ್, ಕೊಚ್ಚಿ ಕಾಕ್ಕನಾಡಿನ ಇನ್ಫೋಪಾರ್ಕ್, ಬೆಂಗಳೂರಿನ ಕಂಪನಿಗಳು ಎಲ್ಲಿಗೆ ಹೋದರೂ ಈ ಅಡಿಪಾಯವೇ ಕೆಲಸಕ್ಕೆ ಬರುತ್ತದೆ.

ಕೊನೆಯದಾಗಿ

ವೈದ್ಯುತಿ ಭವನದ ಒರುಮ ಮತ್ತು ಹೈಕೋರ್ಟ್‌ಗೆ ಹೋದ ಕೋವಿಡ್ ಡೇಟಾ, ಎರಡೂ ಒಂದೇ ರಾಜ್ಯದ ಕಥೆಗಳು. ಮೊದಲನೆಯದರಲ್ಲಿ ತಂತ್ರಾಂಶವನ್ನು ಬಲ್ಲ ಸ್ವಂತ ಜನರಿದ್ದರು. ಎರಡನೆಯದರಲ್ಲಿ ಅಂಥ ತಂಡ ಕಟ್ಟುವ ಮೊದಲೇ ತುರ್ತು ಬಂದಿತ್ತು. ಮುಂದೆ ಸ್ಮಾರ್ಟ್ ಮೀಟರ್‌ಗಳು ಮನೆಮನೆಗೆ ಬಂದಾಗ ಯಾವ ಹೊತ್ತಿಗೆ ಮನೆಯಲ್ಲಿ ದೀಪ ಆರುತ್ತದೆ, ಯಾವ ದಿನ ಮನೆಗೆ ಬೀಗ ಹಾಕಿರುತ್ತದೆ ಎಂಬುದೂ ಡೇಟಾದಲ್ಲಿ ಕಾಣುತ್ತದೆ. ಕೇರಳವಿರಲಿ, ಕರ್ನಾಟಕವಿರಲಿ, ಆ ಡೇಟಾ ಇಡುವ ವೇದಿಕೆಯನ್ನು ಮತ್ತು ಅದನ್ನು ನಡೆಸುವ ತಂಡವನ್ನು ಮೀಟರ್ ಬರುವ ಮೊದಲೇ ಸಿದ್ಧಪಡಿಸಿಕೊಳ್ಳಬೇಕು.